ಎಂಆರ್‌ಐಗೆ ಮೊದಲು ನೀಲಿ ಡ್ರಮ್: ನನ್ನ ಅನುಭವ

“ತಮ್ಮಾ, ಜೀವ ಇರುವಾಗಲೇ ನನ್ನನ್ನ ಗುಂಡಿಗೆ ಇಳಿಸ್ತೀಯಾ?” ಎಂದು ಅಜ್ಜಿಯೊಬ್ಬರು ಟೇಬಲ್ ಮೇಲೆ ಎದ್ದು ಕೂತರು. ಸೊಂಟದ ಸ್ಕ್ಯಾನು. ಎರಡು ಸೀಕ್ವೆನ್ಸ್, ಅಂದರೆ ಎರಡು ಸುತ್ತಿನ ಚಿತ್ರ, ಮುಗಿದಿತ್ತು, ಇನ್ನು ಹತ್ತು ನಿಮಿಷ ಮಲಗಿದ್ದರೆ ಸಾಕಿತ್ತು. ಅವತ್ತು ಹಾಗೆ ಕೆಟ್ಟದ್ದು ಅದು ಎರಡನೇ ಕೇಸು.

ದಾವಣಗೆರೆಯಲ್ಲಿ ಎಂಆರ್‌ಐ ಟೆಕ್ನಿಷಿಯನ್ ಆಗಿ ಹತ್ತು ವರ್ಷ ದಾಟಿತು. ನಮ್ಮದು ಹಳೇ 1.5 ಟೆಸ್ಲಾ (ಮ್ಯಾಗ್ನೆಟ್ಟಿನ ಶಕ್ತಿಯ ಅಳತೆ) ಮಷಿನ್, ಪೇಷಂಟ್ ಮಲಗಿ ಒಳಗೆ ಹೋಗುವ ಸುರಂಗದ ಅಗಲ 60 ಸೆಂಟಿಮೀಟರ್. 70ರ ಮಷಿನ್ ಇರುವವರಿಗೆ ಈ ಕಷ್ಟ ಅಷ್ಟಾಗಿ ಗೊತ್ತಾಗಲ್ಲ. ತಿಂಗಳಿಗೆ ಹನ್ನೆರಡು-ಹದಿನೈದು ಜನ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಒಂದೊಂದಕ್ಕೂ ಐದಾರು ಸಾವಿರ ಖೋತಾ. ಅನಸ್ತೇಷಿಯಾ ಡಾಕ್ಟರನ್ನು ಕರೆಸಿದರೆ ಪೇಷಂಟ್ ತಲೆಗೆ ಇನ್ನೊಂದು ಮೂರು ಸಾವಿರ, ಅದೂ ಅವರು ಬರುವಾಗ ಸಂಜೆ.

ತಪ್ಪು ನನ್ನದೂ ಇತ್ತು. “ಐದೇ ನಿಮಿಷ ಅಮ್ಮಾ” ಅಂತ ಸುಮ್ನೆ ಸುಳ್ಳು ಹೇಳುತ್ತಿದ್ದೆ. ಆರನೇ ನಿಮಿಷಕ್ಕೆ ನಮ್ಮನ್ನು ಕರೆಯಲು ಕೈಯಲ್ಲಿ ಕೊಟ್ಟಿರುವ ರಬ್ಬರ್ ಬಲ್ಬ್ ಒತ್ತುತ್ತಿದ್ದರು. ಹೆಡ್‌ಫೋನಿನಲ್ಲಿ ಭಜನೆ ಹಾಕಿ ನೋಡಿದೆ. ಕತ್ತಿನ ಸ್ಕ್ಯಾನಿಗೆ ಬಂದಿದ್ದ ಯಜಮಾನರೊಬ್ಬರು ಮಂಗಳಾರತಿ ಬಂದ ಕೂಡಲೇ ಎರಡೂ ಕೈ ಎತ್ತಿ ಮುಗಿದರು. ಇಡೀ ಸೀಕ್ವೆನ್ಸ್ ಮಸುಕು.

ಸುರಂಗದಲ್ಲಿ ಮಲಗುವುದನ್ನು ಮೊದಲೇ ಅಭ್ಯಾಸ ಮಾಡಿಸಿದರೆ ಹೇಗೆ? ಆಮೇಲೆ ಹೊಳೆದದ್ದು ಡ್ರಮ್. ನಮ್ಮ ಮನೆಯಲ್ಲಿ ನೀರು ತುಂಬುವ 200 ಲೀಟರಿನ ನೀಲಿ ಡ್ರಮ್ ಅಳೆದೆ. ಅಗಲ ಹತ್ತಿರ ಹತ್ತಿರ ನಮ್ಮ ಸುರಂಗದಷ್ಟೇ! ಗುಜರಿ ಅಂಗಡಿಯಿಂದ ಏಳೆಂಟು ನೂರಕ್ಕೆ ಒಂದು ತಂದು, ಎರಡೂ ಬದಿ ಕೊಯ್ಯಿಸಿದೆ. ಮಾಲೀಕರು ನೋಡಿ, “ಏನ್ರೀ, ಸ್ಕ್ಯಾನಿಂಗ್ ಸೆಂಟರೋ ಸರ್ಕಸ್ಸೋ?” ಎಂದರು.

ಮೊದಲ ಡ್ರಮ್ ಫಿನಾಯಿಲ್‌ನದ್ದು. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಒಬ್ಬಾಕೆಗೆ ಒಳಗೇ ವಾಂತಿ ಬಂತು. ಎಸೆದೆ. ಎರಡನೆಯದರ ಅಂಚು ತೋಳಿಗೆ ಗೀರುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಸೀಳಿ ಅಂಟಿಸಿದೆ. ಉರುಳದಂತೆ ಅಡಿಗೆ ಮರದ ತುಂಡು ಕೊಟ್ಟೆ.

ಸ್ಟ್ರೆಚರ್ ಮೇಲೆ ಮಲಗಿಸಿ ತಲೆಯಿಂದ ಸೊಂಟದವರೆಗೆ ಡ್ರಮ್ ಬರುವಂತೆ ಇಡುತ್ತೇನೆ. ಮಷಿನ್ ನಡೆಸುವ ಕನ್ಸೋಲಿನ ಸ್ಪೀಕರಿನಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ ನಮ್ಮದೇ ಮಷಿನ್ ಸದ್ದು ಹಾಕುತ್ತೇನೆ. ಟಕ್ ಟಕ್, ಆಮೇಲೆ ಲಾರಿ ಹಾರ್ನ್ ಥರ ಉದ್ದಕ್ಕೆ ಬೊಂಯ್ ಅನ್ನುವುದು. ಐದು ನಿಮಿಷ ಸಾಕು. ಕಣ್ಣಿಗೆ ಬಟ್ಟೆ ಮುಚ್ಚುವುದು ಒಳಗೆ ಹೋಗುವ ಮೊದಲು. ಸುರಂಗ ನೋಡಿದ ಮೇಲೆ ಮುಚ್ಚಿದರೆ ಏನೂ ಉಪಯೋಗವಿಲ್ಲ. ಟೈಮೂ ನಿಜವೇ ಹೇಳುತ್ತೇನೆ: “ಇಪ್ಪತ್ತೈದು ನಿಮಿಷ ಆಗುತ್ತೆ. ಈಗ ನಾಲ್ಕು ನಿಮಿಷ ಜೋರು ಸದ್ದು, ಆಮೇಲೆ ಮಾತಾಡೋಣ.” ಹೆದರುವವರಿಗೆ ಯಾವ ಸೀಕ್ವೆನ್ಸ್ ಮೊದಲು ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಇನ್ನೊಂದು ತಲೆನೋವು ತಾಳಿ. ಬಂಗಾರವನ್ನು ಮ್ಯಾಗ್ನೆಟ್ ಎಳೆಯಲ್ಲ, ಸರಿ. ಆದರೆ ಕೊಂಡಿ ಯಾವುದರದ್ದು, ಕರಿಮಣಿ ಪೋಣಿಸಿದ ತಂತಿ ಯಾವುದು, ಯಾರಿಗೆ ಗೊತ್ತು? ತೆಗೆಯಿರಿ ಅಂದರೆ ಕಣ್ಣಲ್ಲಿ ನೀರು. ಅರಿಶಿನ ಹಚ್ಚಿದ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೊದಲು ಅದನ್ನು ಕಟ್ಟಿಕೊಳ್ಳುತ್ತಾರೆ, ಆಮೇಲೆ ತಾಳಿ ಬಿಚ್ಚುತ್ತಾರೆ. ಗಂಡಸರದ್ದು ಉಡಿದಾರ, ತಾಯಿತ. ತಾಯಿತ ಇದೆ ಅಂತ ಅವರು ಬಾಯಿಬಿಟ್ಟು ಹೇಳಲ್ಲ, ಕೈ ಆಡಿಸಿಯೇ ನೋಡಬೇಕು.

ಈಗ ತಿಂಗಳಿಗೆ ಎರಡೋ ಮೂರೋ ಕೇಸ್ ಕೆಡುತ್ತವೆ. ಚಿಕ್ಕ ಮಕ್ಕಳಿಗೆ ಅನಸ್ತೇಷಿಯಾ ತಪ್ಪಿಲ್ಲ, ಡ್ರಮ್ ನೋಡಿದರೆ ಆಟವಾಡುತ್ತವೆ ಅಷ್ಟೇ. ಗುಂಡಿ ಎಂದಿದ್ದ ಅಜ್ಜಿ ವಾರ ಬಿಟ್ಟು ಮತ್ತೆ ಬಂದರು. ಎರಡು ಸಲ ಡ್ರಮ್ಮಿನಲ್ಲಿ ಮಲಗಿದರು. ಮಷಿನ್ ಒಳಗೆ ಗೊರಕೆ ಹೊಡೆದರು.

ಮಾಲೀಕರು ಮೊನ್ನೆ ಇನ್ನೊಂದು ಡ್ರಮ್ಮಿಗೆ ತಾವೇ ದುಡ್ಡು ಕೊಟ್ಟರು. ಬಿಲ್ ತನ್ನಿ ಅಂದರು. ಗುಜರಿಯವನ ಹತ್ತಿರ ಬಿಲ್ ಕೇಳಿದ್ದಕ್ಕೆ ಅವನು ನಕ್ಕ ನಗು ಇನ್ನೂ ಕಿವಿಯಲ್ಲಿದೆ.