ತೋಟದ ಮನೆಗೆ ನೆಂಟರನ್ನು ಕರೆಯುವ ಮುನ್ನ

ಶಿರಸಿ ಸೀಮೆಯ ತೋಟದ ಮನೆಗಳಿಗೆ ಊರಿಂದೂರಿಗೆ ನೆಂಟರಿಷ್ಟರು ಬಂದರೆ ಒಂದು ಹೊತ್ತಿನ ಊಟಕ್ಕೆ ಬರುವುದಿಲ್ಲ. ಕನಿಷ್ಠ ಮೂರು ನಾಲ್ಕು ದಿನ ಉಳಿದೇ ಹೋಗುತ್ತಾರೆ. ಆದ್ದರಿಂದ ಉಪಚಾರದ ಸಿದ್ಧತೆ ಅವರು ದಣಪೆ ದಾಟಿ ಅಂಗಳಕ್ಕೆ ಬಂದಾಗಲ್ಲ, "ಯಾವಾಗ ಬರಲಿ?" ಎಂದು ಫೋನಿನಲ್ಲಿ ಕೇಳಿದಾಗಲೇ ಆರಂಭವಾಗಬೇಕು.

ಮೊದಲು ಕಾಲವನ್ನು ನೋಡಿಕೊಳ್ಳಬೇಕು. ನವೆಂಬರಿನಿಂದ ಜನವರಿಯವರೆಗೆ ಕೊನೆಕೊಯ್ಲು ನಡೆಯುತ್ತಿರುತ್ತದೆ. ಅಡಿಕೆ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸಗಳ ನಡುವೆ ಆಳುಕಾಳುಗಳ ಊಟತಿಂಡಿಯೇ ಅಡುಗೆಮನೆಗೆ ಸಾಕಷ್ಟಾಗುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಮಳೆ ಹೊಳವಾದ ದಿನ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯದೆ ವಿಧಿಯಿಲ್ಲ. ನನ್ನ ದೃಷ್ಟಿಯಲ್ಲಿ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಉತ್ತಮ. ಆಲೆಮನೆಗಳು ನಡೆಯುತ್ತಿರುತ್ತವೆ, ಶಾಲ್ಮಲಾ ಹೊಳೆಯಲ್ಲಿ ನೀರು ಇಳಿದು ಬಂಡೆಗಳ ಮೇಲೆ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗ ಚೆನ್ನಾಗಿ ಕಾಣುತ್ತದೆ. ಆದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯೂ ಇದೇ ಹೊತ್ತಿಗೆ ಬರುವುದರಿಂದ, ಆ ವರ್ಷ ಯಾರು ಯಾವ ದಿನ ಬರುತ್ತಾರೆಂಬುದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಹಾಸಿಗೆಗಳೇ ಸಾಲುವುದಿಲ್ಲ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಮಾವು ಹಲಸಿನ ಸುಗ್ಗಿ ಎಲ್ಲವೂ ಇದ್ದರೂ ಬಾವಿಯನ್ನು ಇಣುಕಿ ನೋಡಿದ ಮೇಲೆಯೇ ಕರೆಯುವುದು ಒಳ್ಳೆಯದು.

ದಾರಿಯನ್ನು ಬಿಡಿಸಿ ಹೇಳಬೇಕು. ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಬಂದಿಳಿದರೆ ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಸುಮಾರು 60 ಕಿಲೋಮೀಟರ್, ಹುಬ್ಬಳ್ಳಿಯಿಂದಾದರೆ ಸುಮಾರು 100. ಮಳೆಗಾಲದಲ್ಲಿ ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ ತಿಳಿಸಬೇಕು. ಮುಖ್ಯರಸ್ತೆ ಬಿಟ್ಟ ಮೇಲೆ ಎಲ್ಲಿ ನೆಟ್‌ವರ್ಕ್ ಹೋಗುತ್ತದೆಂಬುದನ್ನೂ, ಅಲ್ಲಿಂದ ಮುಂದಿನ ಗುರುತುಗಳನ್ನೂ ಬರೆದು ಕಳಿಸಿದರೆ ರಾತ್ರಿ ಬರುವವರು ಗಾಬರಿಯಾಗುವುದಿಲ್ಲ.

ಬಂದವರಿಗೆ ಕೈಕಾಲಿಗೆ ನೀರು, ಆಸರಿಗೆ ಬೆಲ್ಲ ನೀರೋ ಮುರುಗಲು ಪಾನಕವೋ, ಹಿರಿಯರ ಮುಂದೆ ಎಲೆಯಡಿಕೆಯ ಕವಳದ ತಬಕು. ಇಷ್ಟನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ನಾವು ಕಲಿಯಬೇಕಾದದ್ದು ಅಡುಗೆಮನೆಯ ವಿಚಾರದಲ್ಲಿ.

ನಾನು ಚಿಕ್ಕವಳಿದ್ದಾಗ ದೊಡ್ಡಮ್ಮ ಬಹಳ ವರ್ಷಗಳ ನಂತರ ನಮ್ಮ ಮನೆಗೆ ಬಂದಿದ್ದಳು. ಅಮ್ಮ ಬೆಳಿಗ್ಗೆ ತೆಳ್ಳೇವು ಎಂಬ ತೆಳು ದೋಸೆ, ಮಧ್ಯಾಹ್ನ ಪಾಯಸ, ಸಂಜೆ ಎಣ್ಣೆಯಲ್ಲಿ ಕರಿದ ಸಿಹಿ ಸುಟ್ಟೇವು ಎಂದು ಮೂರು ದಿನವೂ ಒಲೆಯ ಮುಂದೆಯೇ ಕಳೆದಳು. ಹೊರಡುವ ಹೊತ್ತಿಗೆ ದೊಡ್ಡಮ್ಮ ಅಮ್ಮನ ಮಸಿ ಹಿಡಿದ ಕೈಯನ್ನು ತನ್ನ ಸೆರಗಿನಿಂದ ಒರೆಸುತ್ತ, "ತಂಗೀ, ಮೂರು ದಿನ ಇದ್ರೂ ನಿನ್ನ ಹತ್ರ ಕೂತ್ಕಂಡು ಮಾತಾಡಲೆ ಆಜಿಲ್ಲೆ" ಎಂದಳು. ನಾನು ನೆಂಟರನ್ನು ಕರೆಯುವಾಗಲೆಲ್ಲ ಆ ಮಾತನ್ನೇ ಮುಂದಿಟ್ಟುಕೊಂಡು ಅಡುಗೆಯನ್ನು ಯೋಚಿಸುತ್ತೇನೆ.

ತೆಳ್ಳೇವನ್ನು ಒಂದೊಂದಾಗಿ ಎರೆಯಬೇಕಾದ್ದರಿಂದ ಹತ್ತು ಜನ ತಿನ್ನುವಾಗ ಒಬ್ಬಳು ಒಲೆ ಬಿಟ್ಟು ಏಳುವಂತಿಲ್ಲ. ಅದರ ಬದಲು ಬಾಳೆ ಎಲೆಯನ್ನು ಹಿಂದಿನ ಸಂಜೆಯೇ ಬಾಡಿಸಿಟ್ಟು ಮೊಗೆಕಾಯಿ (ಬಣ್ಣದ ಸೌತೆ) ಕಡುಬು ಮಾಡಿದರೆ ಎಲ್ಲವೂ ಒಂದೇ ಸಲ ಬೆಂದು, ಮನೆಯಾಕೆಯೂ ಎಲ್ಲರ ಜೊತೆ ಕುಳಿತು ತಿನ್ನಬಹುದು. ಮಧ್ಯಾಹ್ನಕ್ಕೆ ಒಂದೆಲಗದ ತಂಬುಳಿಗೆ ಒಲೆಯೇ ಬೇಡ. ಎಲೆಯನ್ನು ಕಾಯಿತುರಿ, ಜೀರಿಗೆಯೊಂದಿಗೆ ಹಸಿಯಾಗಿಯೇ ಬೀಸಿ ಮಜ್ಜಿಗೆ ಬೆರೆಸಿದರಾಯಿತು. ಸಿಹಿಯನ್ನು ಒಂದು ದಿನಕ್ಕೆ ಮಾತ್ರ ಇಟ್ಟುಕೊಳ್ಳಬೇಕು. ಕಾಯಿ ತುರಿಯುವುದು, ಬಾಳೆ ಎಲೆ ಕೊಯ್ದು ತರುವುದು ಮುಂತಾದ ಕೆಲಸಗಳನ್ನು ನೆಂಟರಿಗೇ ಒಪ್ಪಿಸಿದರೆ ಅವರು ಬೇಸರಿಸುವುದಿಲ್ಲ, ಮನೆಯವರಲ್ಲೊಬ್ಬರಾಗುತ್ತಾರೆ. ಪಾತ್ರೆ ತೊಳೆಯುವುದನ್ನೂ ಬಚ್ಚಲ ಹಂಡೆಗೆ ಬೆಂಕಿ ಹಾಕುವುದನ್ನೂ ಮನೆಯ ಗಂಡಸರು ವಹಿಸಿಕೊಳ್ಳಲೇಬೇಕು. ಹಂಡೆಯ ನೀರಿನ ಕಾವು ಪೇಟೆಯ ಮಕ್ಕಳಿಗೆ ತಿಳಿಯದ ಕಾರಣ ದೊಡ್ಡವರೇ ತಣ್ಣೀರು ಬೆರೆಸಿ ಕೊಡಬೇಕು.

ತೋಟ, ಕಾಡು ನೋಡಲು ಹೊರಟವರಿಗೆ ಎರಡು ವಿಷಯ ಮುಚ್ಚಿಡದೆ ಹೇಳಬೇಕು. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ, ಉಪ್ಪೋ ಸುಣ್ಣವೋ ತಾಗಿಸಿದರೆ ಬಿಡುತ್ತದೆ. ಆದರೆ ಚಳಿಗಾಲದಿಂದ ಮೇ ತಿಂಗಳವರೆಗೆ ಉಣುಗುಗಳಿಂದ (ಉಣ್ಣೆಗಳಿಂದ) ಹರಡುವ ಮಂಗನ ಕಾಯಿಲೆಯನ್ನು ಹಗುರವಾಗಿ ಕಾಣಬಾರದು. ಮಂಗ ಸತ್ತ ಸುದ್ದಿಯಿದ್ದ ಕಡೆಗೆ ಯಾರನ್ನೂ ಕರೆದೊಯ್ಯದೆ, ಉಳಿದ ಕಡೆಗೂ ಮೈತುಂಬ ಬಟ್ಟೆ ಹಾಕಿಸಿ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ ಬಟ್ಟೆ ಒಗೆಯಲು ಹಾಕಬೇಕು. ಮನೆಗೆ ಹೋದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳುವಂತೆ ತಿಳಿಸಬೇಕು.

ತಿರುಗಾಟಕ್ಕೆ ದಿನಕ್ಕೊಂದೇ ಜಾಗ ಸಾಕು. 116 ಮೀಟರ್ ಎತ್ತರದಿಂದ ಅಘನಾಶಿನಿ ಧುಮುಕುವ ಉಂಚಳ್ಳಿ, ಯಾಣದ ಶಿಖರಗಳು ಕಾಲು ಗಟ್ಟಿಯಿರುವವರಿಗೆ ಹಿಡಿಸುತ್ತವೆ. ವಯಸ್ಸಾದವರಿಗೆ ಬನವಾಸಿಯ ಮಧುಕೇಶ್ವರ ದೇವಸ್ಥಾನವೇ ಅನುಕೂಲ. ಯಾವ ಜಾಗವಾದರೂ ಕಾರಿನಲ್ಲಿ ಒಂದು ಸೀಟನ್ನು ಮನೆಯಾಕೆಗೆಂದೇ ಕಾದಿರಿಸಿ, ಬುತ್ತಿಗೆ ಮೊಸರನ್ನ, ಅಪ್ಪೆಮಿಡಿ ಕಟ್ಟಿಕೊಂಡು, ಒಲೆ ಆರಿಸಿಯೇ ಹೊರಡಬೇಕು.

ಹೊರಡುವ ದಿನ ಕೊಡುವ ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಹಳೆಯ ಪಂಚೆಯಲ್ಲಿ ಸುತ್ತಿ ಹಿಂದಿನ ರಾತ್ರಿಯೇ ಜಗುಲಿಯಲ್ಲಿಟ್ಟಿರಬೇಕು. ಬೆಳಿಗ್ಗೆ ಬಸ್ಸು ಬರುವವರೆಗಿನ ಸಮಯ ಮಾತಿಗೆ ಉಳಿಯುತ್ತದೆ.