ಕಟಿಂಗ್ ಆಗಿ ಬಿದ್ದಿದ್ದ 17 ಬ್ಲೌಸು

ಹಾಸನದಲ್ಲಿ ಸಾಲಗಾಮೆ ರಸ್ತೆ ಹತ್ತಿರ ನಂದೊಂದು ಚಿಕ್ಕ ಟೈಲರಿಂಗ್ ಅಂಗಡಿ. ನನಗೀಗ 39. ಮೂರು ವರ್ಷದ ಹಿಂದಿನ ಮಾತು. ಹಾಸನಾಂಬೆ ಬಾಗಿಲು ತೆಗೆಯೋಕೆ ಇನ್ನು ನಾಲ್ಕೇ ದಿನ ಇತ್ತು. ಅಂಗಡಿಯಲ್ಲಿ ಕಟಿಂಗ್ ಆಗಿ ಬಿದ್ದಿದ್ದ ಬ್ಲೌಸು 17. ಮುಗಿದದ್ದು ಒಂದೂ ಇಲ್ಲ. ಒಂದಕ್ಕಂತೂ ಬರೀ ಹುಕ್ಸ್ ಹಾಕಿದ್ದರೆ ಸಾಕಿತ್ತು, ಅದು ತಿಂಗಳಿಂದ ಬೀರುವಿನಲ್ಲಿ ಕೂತಿತ್ತು. ಅವತ್ತು ರಾತ್ರಿ ನಾನು ಮಾಡಿದ್ದೇನು ಗೊತ್ತಾ? ಯಾರೂ ಕೇಳದ ಒಂದು ಬಾರ್ಡರಿಗೆ ಬೆಳಗಿನ ಜಾವ ಮೂರರವರೆಗೆ ಮಣಿ ಪೋಣಿಸುತ್ತಾ ಕೂತಿದ್ದೆ. ಊಟ ಮಾಡಿದ್ದೂ ನೆನಪಿಲ್ಲ.

ಇದೆಲ್ಲ ಸೋಮಾರಿತನ ಅಂತಲೇ ತಿಳಿದಿದ್ದೆ. ಗಿರಾಕಿಗಳು "ಅಕ್ಕನ ನಾಳೆ ಅಂದ್ರೆ ಮುಂದಿನ ವಾರ" ಅಂತ ನಗುತ್ತಿದ್ದರು. ಮುಂಚೆ ತೋರಿಸಿದ್ದ ಡಾಕ್ಟರೊಬ್ಬರು ಟೆನ್ಷನ್ ಅಂದುಬಿಟ್ಟರು.

ಗೊತ್ತಾಗಿದ್ದು ತಂಗಿಯಿಂದ. ಮಗನಿಗೆ ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಚಡಪಡಿಕೆ ಇರೋ ತೊಂದರೆ) ಇದೆ ಅಂತ ಹೇಳಿಸಿಕೊಂಡು ಸೀದಾ ನನ್ನ ಅಂಗಡಿಗೆ ಬಂದಳು. "ಅಕ್ಕಾ, ಡಾಕ್ಟರು ಅವನ ಬಗ್ಗೆ ಕೇಳಿದ್ದೆಲ್ಲ ನಿನ್ನ ಕಥೇನೇ ಕಣೇ" ಅಂದಳು. ಇದು ಒಂದೇ ಮನೆಯವರಲ್ಲಿ ಕಾಣಿಸಿಕೊಳ್ಳೋದು ಜಾಸ್ತಿಯಂತೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಕುಣಿದಾಟ ಇರೋದಿಲ್ಲ, ಮನಸ್ಸು ಮಾತ್ರ ಅಲೆಯುತ್ತಿರುತ್ತದೆ. ಹಾಗಾಗಿ ಯಾರ ಕಣ್ಣಿಗೂ ಬೀಳೋದಿಲ್ಲ.

ದೊಡ್ಡವರಲ್ಲಿ ಇದು ಇರಬಹುದಾ ಅಂತ ನೋಡೋಕೆ ವಿಶ್ವ ಆರೋಗ್ಯ ಸಂಸ್ಥೆಯ 6 ಪ್ರಶ್ನೆಗಳ ಪಟ್ಟಿ ಇದೆ, ಅದನ್ನು ತುಂಬಿ ನೋಡಿದೆ. ಅದು ಸುಮ್ನೆ ಸುಳಿವು ಅಷ್ಟೇ. ಮನೋವೈದ್ಯರು ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ನಿದ್ದೆ ಹೇಗಿದೆ, ಮನಸ್ಸಿಗೆ ಬೇಜಾರಿದೆಯಾ ಅಂತ ವಿಚಾರಿಸಿದರು. ಆಮೇಲೆ "ಅಮ್ಮನ್ನ ಕರ್ಕೊಂಡು ಬನ್ನಿ" ಅಂದರು. ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಇದ್ದವಾ ಅಂತ ತಿಳಿಯಬೇಕಿತ್ತು. ಅಮ್ಮ ಶುರು ಮಾಡಿದರು ನೋಡಿ: "ಇವಳಾ? ಉಪ್ಪು ತಾ ಅಂತ ಕಳಿಸಿದ್ರೆ ಉಪ್ಪೂ ಇಲ್ಲ, ದುಡ್ಡೂ ಇಲ್ಲ, ಯಾರದೋ ಮನೆ ಕರು ನೋಡ್ಕೊಂಡು ನಿಂತಿರೋಳು ಸಾರ್." ನನಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ ನನಗೂ ಎಡಿಎಚ್‌ಡಿ ಇದೆ ಅಂತ ಡಾಕ್ಟರು ಹೇಳಿದರು.

ಮೊಬೈಲ್ ಅಲಾರಂ ನನಗೆ ಕೆಲಸಕ್ಕೆ ಬರಲಿಲ್ಲ. ಆಫ್ ಮಾಡಿದ್ದೇ ಗೊತ್ತಾಗುತ್ತಿರಲಿಲ್ಲ. ಡೈರಿ ಮೂರನೇ ದಿನ ಕಳೆದುಹೋಯಿತು. ಕೈಹಿಡಿದದ್ದು ತಂತಿ. ಕಣ್ಣಿಗೆ ಕಾಣದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಹಾಗಾಗಿ ಬೀರು ಖಾಲಿ ಮಾಡಿ, ಗೋಡೆಯಿಂದ ಗೋಡೆಗೆ ತಂತಿ ಕಟ್ಟಿ, ಎಲ್ಲ ಆರ್ಡರನ್ನೂ ಕ್ಲಿಪ್ ಹಾಕಿ ನೇತುಹಾಕಿದೆ. ಒಂದೊಂದಕ್ಕೂ ಒಂದು ಚೀಟಿ. ಹೆಸರು, ತಾರೀಖು, ಮುಂದೆ ಮಾಡಬೇಕಾದ ಒಂದೇ ಕೆಲಸ. "ಬ್ಲೌಸು ಮುಗಿಸು" ಅಂತ ಬರೆದರೆ ನಾನು ಏಳೋದೇ ಇಲ್ಲ. "ಎಡತೋಳು ಸೇರಿಸು" ಅಂತ ಬರೆದರೆ ಕೈ ತಾನೇ ಹೋಗುತ್ತದೆ.

ಇನ್ನು ಕತ್ತರಿ. ಕಟಿಂಗ್ ಅಂದ್ರೆ ನನಗೆ ಹಬ್ಬ. ಹೊಸ ಬಟ್ಟೆ, ಹೊಸ ಚಾಕ್ ಗೆರೆ! ಬೇಜಾರು ಶುರುವಾಗೋದು ಆಮೇಲೆ. ಈಗ ಕಟಿಂಗ್ ಆದದ್ದು ಮೂರು ಇದ್ದರೆ ನಾಲ್ಕನೆಯದಕ್ಕೆ ಕತ್ತರಿ ಮುಟ್ಟೋದಿಲ್ಲ. ಹೆಮ್ಮಿಂಗ್, ಹುಕ್ಸ್ ಎರಡನ್ನೂ ಪಕ್ಕದ ಬೀದಿಯ ಹುಡುಗಿಗೆ ಪೀಸಿಗೆ ಇಷ್ಟು ಅಂತ ಕೊಟ್ಟುಬಿಡುತ್ತೇನೆ. ಲಾಭ ಸ್ವಲ್ಪ ಕಮ್ಮಿ. ಗಿರಾಕಿಗಳ ಜೊತೆ ಜಗಳ ಅದಕ್ಕಿಂತ ಕಮ್ಮಿ.

ಮಾತ್ರೆಯೂ ಇದೆ, ಮೀಥೈಲ್‌ಫೆನಿಡೇಟ್. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಡಲೂಬಾರದು. ಆಗಾಗ ಬಿಪಿ, ತೂಕ ನೋಡುತ್ತಾರೆ. ನನಗೆ ಮಧ್ಯಾಹ್ನ ಹಸಿವು ಸತ್ತುಹೋಗುತ್ತದೆ, ಅದಕ್ಕೇ ಬೆಳಿಗ್ಗೆ ಗಟ್ಟಿಯಾಗಿ ರೊಟ್ಟಿ ತಿಂದು ಹೊರಡುತ್ತೇನೆ. ಮಾತ್ರೆ ಕೆಲಸ ಮಾಡುವಾಗ ತಲೆಯೊಳಗಿನ ಸಂತೆ ಸ್ವಲ್ಪ ತಣ್ಣಗಾಗುತ್ತದೆ. ಆದರೆ ಯಾವ ಬ್ಲೌಸು ಮೊದಲು ಅಂತ ಹೇಳೋದು ತಂತಿಯೇ.

ತಮಾಷೆ ಅಂದ್ರೆ, ಮಾತ್ರೆ ನುಂಗೋದನ್ನೇ ಮರೆಯುತ್ತಿದ್ದೆ. ಈಗ ಅದು ಬಾಬಿನ್ ಡಬ್ಬಿಯಲ್ಲಿದೆ. ಬಾಬಿನ್ ಇಲ್ಲದೆ ಮೆಷಿನ್ ಶುರುವಾಗಲ್ಲ, ಅಲ್ವಾ?