ಡೆಂಗಿ: ಜ್ವರ ಬಿಟ್ಟ ದಿನವೇ ಜಾಸ್ತಿ ನೋಡ್ಕೋಬೇಕು

ನಾನು ಹಾಸನದಲ್ಲಿ ಲ್ಯಾಬ್ ಟೆಕ್ನೀಷಿಯನ್. ಮಳೆಗಾಲ ಬಂದರೆ ಕೌಂಟರ್‌ನಲ್ಲಿ ಒಂದೇ ಪ್ರಶ್ನೆ: "ಮೇಡಂ, ಪ್ಲೇಟ್‌ಲೆಟ್ ಎಷ್ಟು?" ಅದೇ ಹಾಳೆಯಲ್ಲಿ ಪಿಸಿವಿ ಅಂತ ಇನ್ನೊಂದು ಅಂಕಿ ಇರುತ್ತದೆ, ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಅಂತ ಹೇಳುವುದು. ಅದನ್ನು ಯಾರೂ ಕೇಳುವುದಿಲ್ಲ. ತಮ್ಮನಿಗೆ ಡೆಂಗಿ ಬಂದಾಗ ನಾನು ನೋಡಿದ್ದು ಅದನ್ನೇ.

ವೈರಸ್ ಹೊಕ್ಕರೆ ನಮ್ಮ ಜೀವಕೋಶಗಳು ಸೈಟೊಕೈನ್ ಅನ್ನೋ ಪ್ರೋಟೀನ್‌ಗಳನ್ನು ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಅವುಗಳಲ್ಲಿ ಇಂಟರ್‌ಫೆರಾನ್ ವೈರಸ್ ಹೆಚ್ಚದಂತೆ ತಡೆಯುತ್ತದೆ. ಜ್ವರ, ಮೈಕೈ ನೋವು ಈ ಗಲಾಟೆಯಿಂದಲೇ. ಆದರೆ ಟಿಎನ್‌ಎಫ್ ಅನ್ನೋದರಂಥ ಕೆಲವು ಸೈಟೊಕೈನ್‌ಗಳು ಅತಿಯಾದರೆ ರಕ್ತನಾಳದ ಗೋಡೆ ಸಡಿಲವಾಗುತ್ತದೆ. ವೈರಸ್ಸಿನ ಎನ್‌ಎಸ್1 ಪ್ರೋಟೀನ್ ಕೂಡ ಇದಕ್ಕೆ ಕೈಜೋಡಿಸುತ್ತದೆ. ರಕ್ತದ ನೀರಿನಂಶ ಸೋರಿ ಹೊಟ್ಟೆಗೆ, ಎದೆಗೂಡಿಗೆ ಇಳಿಯುತ್ತದೆ. ಸಾರು ಬತ್ತಿದ ಹಾಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಡೆಂಗಿಯಲ್ಲಿ 4 ಬಗೆ. ಎರಡನೇ ಸಲ ಬೇರೆ ಬಗೆಯದು ಬಂದರೆ ಈ ಅಪಾಯ ಜಾಸ್ತಿ.

ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಜ್ವರ ಶುರುವಾದ 3ರಿಂದ 7ನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ. 24ರಿಂದ 48 ಗಂಟೆ ಇರುತ್ತದೆ. ಅದಕ್ಕೇ ಮೊದಲೆರಡು ದಿನದಲ್ಲೇ ಒಮ್ಮೆ ಸಿಬಿಸಿ (ಪ್ಲೇಟ್‌ಲೆಟ್, ಪಿಸಿವಿ ಎಲ್ಲಾ ತೋರಿಸುವ ರಕ್ತಪರೀಕ್ಷೆ) ಮಾಡಿಸಿ ಇಟ್ಟುಕೊಳ್ಳಿ. ಆಮೇಲೆ ಹೋಲಿಸೋಕೆ ಒಂದು ಅಂಕಿ ಬೇಕಲ್ವಾ? ಪಿಸಿವಿ 40 ಇದ್ದದ್ದು 48 ಆದರೆ ಸೋರಿಕೆ ಜೋರಾಗಿದೆ ಅಂತ ಅರ್ಥ.

ಜ್ವರಕ್ಕೆ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವಕ್ಕೆ ದಾರಿ. ಗಂಜಿ, ಎಳನೀರು, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಒಂದು ನೋಟ್‌ಬುಕ್ಕಿನಲ್ಲಿ ಎಷ್ಟು ಕುಡಿದರು, ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದರು ಬರೆದಿಡಿ. ಆರು ಗಂಟೆ ಮೂತ್ರ ಇಲ್ಲ, ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ತಣ್ಣಗಾದ ಕೈಕಾಲು, ಮಂಪರು: ಇದರಲ್ಲಿ ಒಂದೇ ಕಂಡರೂ ಆಸ್ಪತ್ರೆಗೆ ಹೊರಡಿ.

ಐದನೇ ದಿನ ಬೆಳಿಗ್ಗೆ ತಮ್ಮನ ಹಣೆ ತಣ್ಣಗಿತ್ತು. ಅಕ್ಕಿರೊಟ್ಟಿ ಬೇಕು ಅಂದ. ಅಮ್ಮನಿಗೆ ಖುಷಿಯೋ ಖುಷಿ. ಪಕ್ಕದ ಮನೆಯವರು ಪಪ್ಪಾಯಿ ಎಲೆ ರಸ ತಂದು ಕುಡಿಸಿದರು. ವಾಂತಿಯಾಯಿತು. ಕಾಯಿಲೆಯ ವಾಂತಿಯೋ ಕಹಿಯ ವಾಂತಿಯೋ, ಹೇಗೆ ಹೇಳೋದು! ಪ್ಲೇಟ್‌ಲೆಟ್ 82,000, ಯಾರೂ ಹೆದರುವ ಅಂಕಿಯಲ್ಲ. ಪಿಸಿವಿ ಮಾತ್ರ 39ರಿಂದ 45. ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡ. ಆಗಲೇ ಸೇರಿಸಿದೆವು.

ಎರಡು ದಿನ ಡ್ರಿಪ್ ಹಾಕಿ ನಿಲ್ಲಿಸಿದರು. "ಇನ್ನೂ ಸುಸ್ತಾಗಿದಾನೆ, ಯಾಕೆ ತೆಗೆದ್ರಿ?" ಅಂತ ಅಮ್ಮ ಜಗಳಕ್ಕೇ ಹೋದರು. ಸೋರಿಕೆ ನಿಂತ ಮೇಲೆ ಸೋರಿದ ನೀರು ತಾನಾಗೇ ರಕ್ತಕ್ಕೆ ವಾಪಸ್ ಬರುತ್ತದೆ. ಆಗಲೂ ಡ್ರಿಪ್ ಹರಿಸುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಮೂತ್ರದ ಕಾಲಂಗೆ ಐದು ಗೀಟು ಬಿದ್ದವು.